ಡಿಗ್ರಿ ಅದ, ‘ಅನುಭವ’ ಎಲ್ಲಿಂದ ತರೋದು?

ಚಿಮ್ಮನಚೋಡ: ಡಿಗ್ರಿ ಮುಗಿಸಿದ ಹುಡುಗರು ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗೆ ಹೋಗಲಿ, ಕಲಬುರಗಿಯ ಆಫೀಸಿಗೆ ಹೋಗಲಿ, ಎದುರಾಗುವ ಪ್ರಶ್ನೆ ಒಂದೇ: ‘ಅನುಭವ ಎಷ್ಟದ?’ ಕೆಲಸ ಸಿಗದೆ ಅನುಭವ ಇಲ್ಲ, ಅನುಭವ ಇಲ್ಲದೆ ಕೆಲಸ ಇಲ್ಲ.

ಯುವನಿಧಿಯಿಂದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಸಿಗುತ್ತದೆ. ಆದರೆ ಅದು ಹೆಚ್ಚೆಂದರೆ ಎರಡು ವರ್ಷ. ಆ ಎರಡು ವರ್ಷ ಸುಮ್ನೆ ಕಳೆದರೆ ಬಯೋಡೇಟಾ ಖಾಲಿಯೇ ಉಳಿಯುತ್ತದೆ.

ಸ್ವಯಂಸೇವೆ ಉಪಯೋಗಕ್ಕೆ ಬರುವುದು ಇಲ್ಲೇ. 1969ರಲ್ಲಿ ಶುರುವಾದ ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಏಳು ದಿನದ ವಿಶೇಷ ಶಿಬಿರ ಮುಗಿಸಿದವರಿಗೆ ಪ್ರಮಾಣಪತ್ರ ಸಿಗುತ್ತದೆ. ಕಾಲೇಜು ಬಿಟ್ಟವರಿಗೆ 2023ರ ಅಕ್ಟೋಬರ್‌ನಲ್ಲಿ ಆರಂಭವಾದ ‘ಮೈ ಭಾರತ್’ ಪೋರ್ಟಲ್ ಇದೆ. ಶಿಬಿರದಲ್ಲಿ ಐವತ್ತು ಮಂದಿಯ ಊಟದ ಲೆಕ್ಕ ನೋಡಿಕೊಂಡ ಹುಡುಗನಿಗೆ ಸಂದರ್ಶನದಲ್ಲಿ ಹೇಳಲು ಏನಾದರೂ ಇರುತ್ತದೆ.

ಆದರೆ ‘ಕಲೀಲಿಕ್ಕೆ ಬಾ’ ಅಂತ ಕರೆದು ಅಂಗಡಿ, ಆಫೀಸಿನಲ್ಲಿ ತಿಂಗಳುಗಟ್ಟಲೆ ಪುಕ್ಕಟೆ ದುಡಿಸಿಕೊಳ್ಳೋದು ಸ್ವಯಂಸೇವೆ ಅಲ್ಲ. ಕೂಲಿ ನಂಬಿದ ಮನೆಯ ಮಕ್ಕಳಿಗೆ ಅದು ನಿಭಾಯಿಸೋದೂ ಇಲ್ಲ. ದುಡಿಮೆಗೆ ಪಗಾರ ಕೊಡಲೇಬೇಕು.

ಸೇವೆ ಮಾಡುವವರು ದಿನಾಂಕ, ಗಂಟೆ, ಮಾಡಿದ ಕೆಲಸ ಬರೆದಿಟ್ಟು ಸಹಿ-ಸೀಲು ಹಾಕಿಸಿಕೊಳ್ಳಬೇಕು. ಸೇವೆ ಪಡೆದವರು ಅಷ್ಟಾದರೂ ಬರೆದುಕೊಡಬೇಕು.