ಹೊಲಿಗೆ ಬಿಚ್ಚಿದ ಮೇಲೂ ವಿಶ್ರಾಂತಿ ಬೇಕು

ಗರ್ಭಕೋಶದ ಆಪರೇಷನ್ ಆಗಿ 15 ದಿನ. ಅಮ್ಮ ಒಲೆಯ ಮುಂದೆ ನಿಂತಿದ್ದಾರೆ. ವಾಸಿಯಾಯಿತೆಂದು ಮನೆಯವರಿಗೆ ನೆಮ್ಮದಿ. ಸಂಜೆಗೆ ಮಾತ್ರ ಹೊಟ್ಟೆ ಉಬ್ಬಿ ನೋವು. ಏಕೆ?

ಗಾಯವಾದಲ್ಲಿ ಸಣ್ಣ ರಕ್ತನಾಳಗಳಿಂದ ದ್ರವ ಜಿನುಗಿ ಊತ ಬರುತ್ತದೆ. ಇದು ಮಾಗುವ ಕ್ರಿಯೆಯ ಭಾಗ. ಕರುಳಿನ ಚಲನೆ ಮಂದವಾಗಿ ವಾಯುವೂ ತುಂಬುತ್ತದೆ. ಹೊರಗಾಯ ಬೇಗ ಕೂಡಿದರೂ ಒಳಗಾಯಕ್ಕೆ ಸುಮಾರು 6 ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು.

ಅಲ್ಲಿಯವರೆಗೆ ನೀರಿನ ಕೊಡ, ಒದ್ದೆ ಬಟ್ಟೆಯ ಬಕೆಟ್ಟು ಮಕ್ಕಳ ಪಾಲಿಗಿರಲಿ. ಅಮ್ಮನಿಗೆ ನಿಧಾನದ ನಡಿಗೆ, ಸೊಪ್ಪು-ತರಕಾರಿ, ಸಾಕಷ್ಟು ನೀರು ಹಿತ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಲಿ. ನೋವಿನ ಮಾತ್ರೆ ವೈದ್ಯರು ಹೇಳಿದಂತೆಯೇ ಇರಲಿ.

ಜ್ವರ, ಕೀವು, ಹೆಚ್ಚು ರಕ್ತಸ್ರಾವ, ಒಂದೇ ಕಾಲು ಊದಿ ನೋಯುವುದು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.