ತೊಳೆಯಬಾರದ ಕಲ್ಲುಗಳು



ಮನೆ ಬದಲಿಸುವ ಕೆಲಸ ನಮಗೆ ಹೊಸತಲ್ಲ. ಪಾತ್ರೆಗಳನ್ನು ಉಜ್ಜಿ ಪೆಟ್ಟಿಗೆಗೆ ತುಂಬುತ್ತೇವೆ, ಹಾಸಿಗೆಗಳನ್ನು ಬಿಸಿಲಿಗೆ ಹಾಕುತ್ತೇವೆ, ಹಳೆಯದನ್ನು ಗುಜರಿಗೆ ಕೊಡುತ್ತೇವೆ. ಹೊಸ ಮನೆಗೆ ಹಳೆಯ ಕೊಳೆ ಹೋಗಬಾರದೆಂಬುದು ನಮ್ಮ ಹಠ. ಈ ಒಳ್ಳೆಯ ಅಭ್ಯಾಸವೇ ಒಮ್ಮೆ ನನ್ನ ತಂಗಿಯ ಮನೆಯಲ್ಲಿ ಒಂದಿಷ್ಟು ಜೀವಗಳ ಸಾವಿಗೆ ಕಾರಣವಾಯಿತೆಂದರೆ ನಂಬುತ್ತೀರಾ?

ತಂಗಿಯ ಕುಟುಂಬ ಜಿದ್ದಾದಲ್ಲಿತ್ತು. ಅವಳ ಗಂಡನಿಗೂ ಮಗನಿಗೂ ಉಪ್ಪುನೀರಿನ ಅಕ್ವೇರಿಯಂ ಎಂದರೆ ಪ್ರಾಣ. ನಾವು ಸಾಮಾನ್ಯವಾಗಿ ನೋಡುವ ಗೋಲ್ಡ್ ಫಿಶ್ ತೊಟ್ಟಿಯಲ್ಲ ಅದು. ಸಮುದ್ರದಷ್ಟೇ ಉಪ್ಪಾದ ನೀರು, ತಳದಲ್ಲಿ ಮರಳು, ನಡುವೆ ತೂತುತೂತಾದ ಕಲ್ಲುಗಳು, ಅವುಗಳ ಮೇಲೆ ಹೂವಿನಂತೆ ಅರಳುವ ಹವಳಗಳು, ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನುಗಳು. ಹವಳವೆಂದರೆ ಕಲ್ಲೋ ಗಿಡವೋ ಎಂದುಕೊಂಡಿದ್ದೆ. ಅದು ಪ್ರಾಣಿಯೆಂದು ಹೇಳಿಕೊಟ್ಟವನು ಆ ಹುಡುಗನೇ.

ಮೂರು ವರ್ಷಗಳ ಹಿಂದೆ ಅವರು ಅದೇ ನಗರದಲ್ಲಿ ಎರಡು ಬೀದಿ ಆಚೆಗೆ ಮನೆ ಬದಲಿಸಿದರು. ಗಂಡಸರು ಸಾಮಾನು ಸಾಗಿಸುತ್ತಿದ್ದಾಗ ತಂಗಿ ಅಕ್ವೇರಿಯಂನ ಕಲ್ಲು, ಮರಳನ್ನೆಲ್ಲ ನಲ್ಲಿಯ ಕೆಳಗೆ ಹಿಡಿದು ಚೆನ್ನಾಗಿ ತಿಕ್ಕಿ ತೊಳೆದಳು. ಹೊಸ ಮನೆಯಲ್ಲಿ ತೊಟ್ಟಿ ಪಳಪಳ ಹೊಳೆಯಿತು. ಮೂರನೆಯ ದಿನದಿಂದ ಮೀನುಗಳು ಒಂದೊಂದಾಗಿ ಸತ್ತು ತೇಲತೊಡಗಿದವು. ವಾರದೊಳಗೆ ಹವಳಗಳೂ ಕರಗಿದವು. "ಅಕ್ಕಾ, ಅವನು ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ" ಎಂದು ಅವಳು ಫೋನಿನಲ್ಲಿ ಅತ್ತಿದ್ದು ಇನ್ನೂ ನೆನಪಿದೆ.

ತಪ್ಪಾದದ್ದೆಲ್ಲಿ? ಮೀನಿನ ಹೊಲಸಿನಿಂದಲೂ ಮಿಕ್ಕ ಆಹಾರದಿಂದಲೂ ನೀರಿನಲ್ಲಿ ಅಮೋನಿಯಾ ಎಂಬ ವಿಷ ಉಂಟಾಗುತ್ತದೆ. ಕಲ್ಲು ಮತ್ತು ಮರಳಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬ್ಯಾಕ್ಟೀರಿಯಾಗಳು ಮನೆ ಮಾಡಿರುತ್ತವೆ. ಅವು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ನಲ್ಲಿಯ ಸಿಹಿನೀರು ಮತ್ತು ಅದರಲ್ಲಿನ ಕ್ಲೋರಿನ್ ಅವನ್ನು ಕೊಲ್ಲುತ್ತವೆ. ತಂಗಿ ಕೊಳೆಯೆಂದು ತೊಳೆದು ಹಾಕಿದ್ದು ಆ ತೊಟ್ಟಿಯ ಜೀವಾಳವನ್ನೇ.

ಕಳೆದ ಜನವರಿಯಲ್ಲಿ ತಂಗಿಯ ಗಂಡನಿಗೆ ರಿಯಾದಿಗೆ ವರ್ಗವಾಯಿತು. ಜಿದ್ದಾದಿಂದ ಸುಮಾರು 950 ಕಿಲೋಮೀಟರ್ ದೂರ. ಅಷ್ಟರಲ್ಲಿ ಹುಡುಗ ಹೊಸ ತೊಟ್ಟಿಯನ್ನು ಕಷ್ಟಪಟ್ಟು ಬೆಳೆಸಿದ್ದ. "ಯಾರಿಗಾದರೂ ಕೊಟ್ಟುಬಿಡು, ಅಲ್ಲಿ ಹೊಸದು ಕೊಂಡರಾಯಿತು" ಎಂದು ಬುದ್ಧಿ ಹೇಳಿದವಳು ನಾನೇ. ಅವನು ಕೇಳಿದ: "ದೊಡ್ಡಮ್ಮಾ, ಅವುಗಳನ್ನು ಗಾಜಿನೊಳಗೆ ತಂದಿಟ್ಟವರು ನಾವಲ್ಲವೇ?" ನನಗೆ ಉತ್ತರ ಹೊಳೆಯಲಿಲ್ಲ. ಈ ಸಲ ತಾಯಿ, ಮಗ ಕೂಡಿ ಕುಳಿತು ಬಲ್ಲವರನ್ನು ಕೇಳಿ ಪಟ್ಟಿ ಮಾಡಿದರು.

ಅವರದು 300 ಲೀಟರಿನ ತೊಟ್ಟಿ. ನೀರಿನ ಭಾರವೇ 300 ಕಿಲೋ ಮೀರುತ್ತದೆ. ನೀರು ಸ್ವಲ್ಪ ಉಳಿದಿದ್ದರೂ ಎತ್ತುವಾಗ ಗಾಜಿನ ಅಂಟು ಬಿಡಬಹುದು. ಆದ್ದರಿಂದ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ಕಂಬಳಿ ಸುತ್ತಿ ಸಾಗಿಸಬೇಕು. ತಂಗಿಯ ಗಂಡ ಮುಂಚಿತವಾಗಿ ರಿಯಾದಿಗೆ ಹೋಗಿ, ಡ್ರಮ್ಮುಗಳಲ್ಲಿ ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಂ ಉಪ್ಪು ಬೆರೆಸಿ, ಪಂಪು ಚಾಲೂ ಮಾಡಿಟ್ಟು ಮರಳಿದರು. ಈ ಉಪ್ಪು ಸರಿಯಾಗಿ ಬೆರೆಯಲು ಒಂದು ದಿನ ಬೇಕು. ಜೀವಿಗಳಿರುವ ತೊಟ್ಟಿಗೆ ನೇರವಾಗಿ ಉಪ್ಪು ಸುರಿಯಲೇಬಾರದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, 25 ಡಿಗ್ರಿಯ ಆಸುಪಾಸಿನ ಉಷ್ಣತೆ. ಹಳೆಯ ನೀರಿನಲ್ಲಿದ್ದಷ್ಟೇ ಇವು ಹೊಸ ನೀರಿನಲ್ಲೂ ಇರಬೇಕು.

ಹೊರಡುವ ಮುಂಚಿನ ಎರಡು ದಿನ ಮೀನುಗಳಿಗೆ ಆಹಾರ ಹಾಕಲಿಲ್ಲ. ನಮಗೆ ಕರುಣೆ ಬರುತ್ತದೆ, ಆದರೆ ಹಸಿದ ಹೊಟ್ಟೆಯ ಮೀನು ಚೀಲದ ನೀರನ್ನು ಕಡಿಮೆ ಕೆಡಿಸುತ್ತದೆ. ಹೊರಡುವ ದಿನ ಮೊದಲು ಸ್ವಚ್ಛವಾದ ನೀರನ್ನು ಬಕೆಟುಗಳಿಗೆ ತೆಗೆದರು. ಹವಳಗಳು ಒಂದನ್ನೊಂದು ಕುಟುಕುತ್ತವಾದ್ದರಿಂದ ಪ್ರತಿಯೊಂದಕ್ಕೂ ಬೇರೆ ಡಬ್ಬ. ಕಲ್ಲುಗಳನ್ನು ಮುಚ್ಚಳವಿರುವ ಬಕೆಟಿನಲ್ಲಿ ಅದೇ ಉಪ್ಪುನೀರಿನೊಳಗೆ ಮುಳುಗಿಸಿಟ್ಟರು. ಕಲ್ಲು ಒಣಗಿದರೆ ಅದರೊಳಗಿನ ಜೀವಿಗಳು ಸತ್ತು ಕೊಳೆತು ಅವೇ ವಿಷವಾಗುತ್ತವೆ. ಅಡಗಲು ಕಲ್ಲಿಲ್ಲದಾಗ ಮೀನು ಸುಲಭವಾಗಿ ಸಿಗುತ್ತದೆ, ಹಾಗಾಗಿ ಅದನ್ನು ಕೊನೆಗೆ ಹಿಡಿದರು. ಚೀಲದಲ್ಲಿ ಮೂರನೆಯ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ನಮ್ಮ ಬಂದರಿನಿಂದ ಮೀನು ತುಂಬಿ ಕಳಿಸುವ ಥರ್ಮಾಕೋಲ್ ಪೆಟ್ಟಿಗೆಗಳಂಥವೇ ಇಲ್ಲೂ ಬೇಕು, ಆದರೆ ಮಂಜುಗಡ್ಡೆಯಿಲ್ಲದೆ. ಪೆಟ್ಟಿಗೆಯೊಳಗೆ ಬಿಸಿಯೂ ಚಳಿಯೂ ಬೇಗ ತಟ್ಟದು, ಕತ್ತಲಲ್ಲಿ ಮೀನು ಗಾಬರಿಗೊಳ್ಳದು. ಹಳೆಯ ಮರಳನ್ನು ಮಾತ್ರ ಒಯ್ಯಲಿಲ್ಲ. ಅದರ ಅಡಿಯಲ್ಲಿ ವರ್ಷಗಳ ಹೊಲಸು ಕೂತಿರುತ್ತದೆ, ಕದಡಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಹೊರಬರಬಹುದು. ಮೇಲ್ಪದರದ ಒಂದು ಬಟ್ಟಲು ಮರಳನ್ನಷ್ಟೇ ಹೊಸ ಮರಳಿಗೆ ಹೆಪ್ಪಿನಂತೆ ಎತ್ತಿಟ್ಟರು.

ಇಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆ. ಅಂಗಿಯ ಗುಂಡಿಯಂತೆ ಕಾಣುವ ಝೋವಾಂಥಿಡ್ ಜಾತಿಯ ಕೆಲವು ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಉಗ್ರ ವಿಷವಿರುತ್ತದೆ. ಕೈಗವಸು ಮತ್ತು ಕನ್ನಡಕವಿಲ್ಲದೆ ಅವನ್ನು ಮುಟ್ಟಬೇಡಿ. ಅಕ್ವೇರಿಯಂ ಕಲ್ಲುಗಳನ್ನು ಶುಚಿಗೆಂದು ಕುದಿಸುವುದಂತೂ ಬೇಡವೇ ಬೇಡ. ಆ ಹಬೆ ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ಫಜ್ರ್ ನಮಾಝ್ ಮುಗಿಸಿ ವ್ಯಾನಿನಲ್ಲಿ ಹೊರಟರು. ರಿಯಾದ್ ತಲಪುವಾಗ ರಾತ್ರಿಯ ಚಳಿ. ಅಡುಗೆಮನೆಯ ಸಾಮಾನು ಬಿಚ್ಚುವ ಮೊದಲೇ ತೊಟ್ಟಿ ಜೋಡಿಸಿದರು. ಕಲ್ಲು, ನೀರು, ಹೀಟರ್, ಪಂಪು. ನೀರಿನ ಉಷ್ಣತೆ ಸರಿಯಾದ ಮೇಲೆ ಚೀಲಗಳನ್ನು ಬಿಚ್ಚದೆ ಅದರಲ್ಲಿ ತೇಲಬಿಟ್ಟರು. ದೂರದಿಂದ ಬಂದ ಚೀಲವನ್ನು ಬಿಚ್ಚಿದ ಮೇಲೆ ತಡಮಾಡಬಾರದು. ಹೊರಗಿನ ಗಾಳಿ ಸೋಕಿದಾಗ ಚೀಲದ ನೀರಿನಲ್ಲಿರುವ ಅಮೋನಿಯಾ ಇನ್ನಷ್ಟು ವಿಷಕಾರಿಯಾಗುತ್ತದೆ. ಚೀಲದ ನೀರನ್ನು ತೊಟ್ಟಿಗೆ ಸುರಿಯಲೂಬಾರದು. ಆ ರಾತ್ರಿ ದೀಪ ಹಾಕಲಿಲ್ಲ. ಮುಂದೆ ಬೆಳಕನ್ನೂ ಆಹಾರವನ್ನೂ ನಿಧಾನವಾಗಿ ಹೆಚ್ಚಿಸಿ, ಪ್ರತಿದಿನ ಅಮೋನಿಯಾ ಪರೀಕ್ಷಿಸಿದರು.

ಮೂರನೆಯ ದಿನ ಒಂದು ಸೀಗಡಿ ಸತ್ತಿತು. ಹವಳಗಳು ಐದು ದಿನ ಮುದುಡಿಕೊಂಡೇ ಇದ್ದವು. ಆರನೆಯ ದಿನ ತಂಗಿ ಫೋನು ಮಾಡಿ, "ಅಕ್ಕಾ, ಒಂದು ಬಾಯಿ ಬಿಟ್ಟಿದೆ!" ಎಂದಾಗ ಅವಳ ದನಿಯಲ್ಲಿ ಮಗುವಿಗೆ ಜ್ವರ ಇಳಿದಾಗಿನ ನೆಮ್ಮದಿಯಿತ್ತು.

ಎಲ್ಲರೂ ಹೀಗೆಯೇ ಸಾಗಿಸಬೇಕೆಂದು ನಾನು ಹೇಳುತ್ತಿಲ್ಲ. ಇಷ್ಟೆಲ್ಲ ಮಾಡಲಾಗದಿದ್ದರೆ ಬಲ್ಲವರಿಗೆ ಒಪ್ಪಿಸುವುದೇ ಕರುಣೆ. ಕೊಲ್ಲಿಯಿಂದ ಊರಿಗೆ ಮರಳುವವರು ಹವಳ ತರುವ ಯೋಚನೆಯನ್ನೇ ಮಾಡಬೇಡಿ. ಕಲ್ಲು ಹವಳಗಳಿಗೆ ಅಂತಾರಾಷ್ಟ್ರೀಯ ನಿಯಮದಂತೆ ಪರವಾನಗಿ ಬೇಕು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2001ರಲ್ಲಿ ಅವು ಸೇರಿದವು. ನೆನಪಿಗೆಂದು ಆರಿಸಿದ ಸತ್ತ ತುಂಡೂ ತೊಂದರೆ ತರಬಹುದು. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ನಮ್ಮದೇ ಹವಳಗಳಿವೆ. ಅವು ಅಲ್ಲೇ ಚಂದ.

ಸಹೋದರಿಯರೇ, ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ವರ್ಷದ ನಡುವೆ ಬೇರೆ ಊರಿನಿಂದ ಬಂದು ತರಗತಿಯ ಮೂಲೆಯಲ್ಲಿ ಮುದುಡಿ ಕೂರುವ ಮಕ್ಕಳನ್ನು ನೋಡಿದ್ದೇನೆ. "ಹೊಸ ಮನೆ, ಹೊಸ ಶಾಲೆ, ಎಲ್ಲ ಹೊಸದು ಕೊಡಿಸಿದ್ದೇವೆ ಟೀಚರ್, ಆದರೂ ಹೀಗೆ" ಎನ್ನುತ್ತಾರೆ ತಾಯಂದಿರು. ಹಿಂದೆ ನನಗೂ ಅದು ಅರ್ಥವಾಗುತ್ತಿರಲಿಲ್ಲ. ಈಗ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ: "ಹಳೆಯದರಲ್ಲಿ ಏನನ್ನು ತಂದಿದ್ದೀರಿ?" ಸವೆದ ಚಾದರ, ಹಳೆಯ ಗೆಳೆಯನ ಫೋನ್ ನಂಬರು, ಶುಕ್ರವಾರದ ಅದೇ ಅಡುಗೆ, ಮಲಗುವ ಮುಂಚಿನ ಅದೇ ಮಾತು. ನಮಗೆ ಬೇಡವೆನಿಸುವ ಇಂಥವುಗಳ ಆಸರೆಯಲ್ಲೇ ಮಗು ಹೊಸ ಜಾಗಕ್ಕೆ ಒಗ್ಗುತ್ತದೆ.

ಮುಂದಿನ ಬಾರಿ ಮನೆ ಬದಲಿಸುವಾಗ ಗುಜರಿಯವನನ್ನು ಕರೆಯುವ ಮೊದಲು ಮಗುವನ್ನೂ ಕರೆದು ಕೇಳಿ. ಅವನು ಬಿಡಲೊಪ್ಪದ ಆ ಒಂದು ಹಳೆಯ ವಸ್ತುವನ್ನು ತೊಳೆಯದೆ ಹಾಗೆಯೇ ಜೊತೆಗೆ ಒಯ್ಯಿರಿ. ಆಮೇಲೆ ಸ್ವಲ್ಪ ದಿನ ಕಾಯಿರಿ.