ಮುದಿ ಹಾವನ್ನು ಕೆರೆಯಂಗಳಕ್ಕೆ ಬಿಡಬೇಡಿ

ಬೆಂಗಳೂರಿನ ಫ್ಲ್ಯಾಟುಗಳಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಆಫ್ರಿಕಾದ ಬಾಲ್ ಪೈಥಾನನ್ನೋ ಅಮೆರಿಕದ ಕಾರ್ನ್ ಸ್ನೇಕನ್ನೋ ಸಾಕಿಕೊಂಡಿರುವವರಿಗೆ ಈ ಮನವಿ. ನಾಗರಹಾವು, ಕೇರೆ, ನಮ್ಮ ಕಾಡಿನ ಹೆಬ್ಬಾವು ಇಟ್ಟುಕೊಂಡವರ ವಿಷಯ ಬೇರೆ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನೇರ ಅಪರಾಧ. ಅರಣ್ಯ ಇಲಾಖೆಗೆ ಒಪ್ಪಿಸುವುದೊಂದೇ ದಾರಿ. ನಾನು ಮಾತಾಡುತ್ತಿರುವುದು ಹತ್ತು ಹದಿನೈದು ವರ್ಷಗಳ ಹಿಂದೆ ಶೋಕಿಗೋ ನಿಜವಾದ ಕುತೂಹಲಕ್ಕೋ ಹೊರದೇಶದ ಹಾವು ತಂದವರ ಜೊತೆ. ಈಗ ಅದಕ್ಕೆ ವಯಸ್ಸಾಗಿದೆ. ಇಲಿ ಮುಂದಿಟ್ಟರೆ ಮುಖ ತಿರುಗಿಸುತ್ತಿದೆ, ಪೊರೆ ಚೂರುಚೂರಾಗಿ ಕಳಚುತ್ತಿದೆ.

ಕೇಳಿಕೊಳ್ಳುವುದು ಇಷ್ಟೆ: ಡಾಕ್ಟರ ಹತ್ತಿರ ಕರೆದೊಯ್ಯಿರಿ. ರಾತ್ರಿ ಹೊತ್ತು ಚೀಲದಲ್ಲಿ ಹಾಕಿಕೊಂಡು ಹೋಗಿ ಕೆರೆ ಏರಿಯ ಮೇಲೆ ಬಿಟ್ಟು ಬರಬೇಡಿ.

ಹಾವು ಎಷ್ಟು ವರ್ಷ ಬದುಕುತ್ತದೆ ಎಂದು ಮಾರುವವನು ಹೇಳಿರುವುದಿಲ್ಲ, ಕೊಳ್ಳುವವನೂ ಕೇಳಿರುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಕಾರ್ನ್ ಸ್ನೇಕ್ ಹದಿನೈದು ಇಪ್ಪತ್ತು ವರ್ಷ, ಬಾಲ್ ಪೈಥಾನ್ ಮೂವತ್ತರ ತನಕ ಬಾಳುತ್ತದೆ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಬಂದಿದ್ದ ಒಂದು ಹೆಣ್ಣು ಬಾಲ್ ಪೈಥಾನ್, ವರ್ಷಗಟ್ಟಲೆ ಗಂಡಿನ ಸಹವಾಸವೇ ಇಲ್ಲದೆ, 2020ರಲ್ಲಿ ಏಳು ಮೊಟ್ಟೆ ಇಟ್ಟು ಸುದ್ದಿಯಾಯಿತು. ಆಗ ಅದಕ್ಕೆ ಅರವತ್ತು ದಾಟಿದೆ ಎಂಬ ಅಂದಾಜಿತ್ತು. ಎಲ್ಲ ಹಾವೂ ಅಷ್ಟು ಬಾಳುವುದಿಲ್ಲ, ಸರಿ. ಆದರೆ ಕಾಲೇಜಿನಲ್ಲಿದ್ದಾಗ ತಂದದ್ದು ನಿಮ್ಮ ಮದುವೆ, ಮನೆ ಬದಲಾವಣೆ, ಮಕ್ಕಳ ಶಾಲೆ ಎಲ್ಲವನ್ನೂ ದಾಟಿ ಬರುವ ಪ್ರಾಣಿ. ಅದರ ಮುಪ್ಪೂ ನಿಮ್ಮ ಮನೆಯಲ್ಲೇ ಆಗಬೇಕು.

ಕಷ್ಟವೆಂದರೆ ಹಾವು ನರಳುವುದಿಲ್ಲ. ನಾಯಿಯ ಹಾಗೆ ಕುಂಯ್‌ಗುಡುವುದಿಲ್ಲ, ಬೆಕ್ಕಿನ ಹಾಗೆ ಮೂಲೆ ಸೇರಿದ್ದೂ ಗೊತ್ತಾಗುವುದಿಲ್ಲ, ಏಕೆಂದರೆ ಅದು ಆರೋಗ್ಯವಾಗಿದ್ದಾಗಲೂ ಮೂಲೆಯಲ್ಲೇ ಇರುತ್ತದೆ. ಬಾಲ್ ಪೈಥಾನ್ ತಿಂಗಳುಗಟ್ಟಲೆ ಉಪವಾಸವಿರುವುದು ಸಹಜ. ಹಾಗಾಗಿ ತಿನ್ನದಿರುವುದೊಂದನ್ನೇ ನೋಡಿ ಕಾಯಿಲೆ ಎನ್ನಲಾಗದು. ತೂಕ ನೋಡಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೊಂದನ್ನು ಅದಕ್ಕೇ ಮೀಸಲಿಟ್ಟು ವಾರಕ್ಕೊಮ್ಮೆ ತೂಗಿ ಬರೆದಿಡಿ. ಉಪವಾಸವಿದ್ದೂ ತೂಕ ನಿಂತಿದ್ದರೆ ಕಾಯಬಹುದು. ತೂಕ ಇಳಿಯುತ್ತಾ ಬೆನ್ನೆಲುಬು ಏಣಿನಂತೆ ಎದ್ದು ಕಾಣತೊಡಗಿದರೆ ಕಾಯುವ ಹಾಗಿಲ್ಲ.

ಉಸಿರಾಟ ನೋಡಿ. ಬಾಯಿ ತೆರೆದು ಉಸಿರಾಡುವುದು, ತಲೆ ಮೇಲೆತ್ತಿ ಹಿಡಿಯುವುದು, ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ತುಟಿಯಂಚಿನಲ್ಲಿ ಲೋಳೆ, ಸಿಳ್ಳೆಯಂಥ ಸದ್ದು ಇವೆಲ್ಲ ಶ್ವಾಸಕೋಶದ ಸೋಂಕಿನ ಗುರುತುಗಳು. ಹಾವಿಗೆ ವಪೆ ಇಲ್ಲ, ಕೆಮ್ಮಿ ಕಫ ಹೊರಹಾಕುವ ಶಕ್ತಿಯಿಲ್ಲ. ಒಳಗೆ ಕೂಡಿಕೊಂಡದ್ದು ಅಲ್ಲೇ ಕೊಳೆಯುತ್ತದೆ. ಒಸಡು ಕೆಂಪಗಾಗಿ ಗಿಣ್ಣಿನಂಥ ಕೀವು ಕಟ್ಟಿದ್ದರೆ ಬಾಯಿಹುಣ್ಣು. ಹೊಟ್ಟೆಯ ಹುರುಪೆ ಕಂದುಗಟ್ಟಿದ್ದರೆ ಕೊಳೆಯೋ ಸುಟ್ಟಗಾಯವೋ ಇರಬೇಕು. ದಿಕ್ಕು ತಪ್ಪಿದಂತೆ ತಲೆಯನ್ನು ಆಕಾಶಕ್ಕೆ ತಿರುಗಿಸುತ್ತಿದ್ದರೆ ನರಮಂಡಲಕ್ಕೆ ತಗುಲುವ ವೈರಸ್ ಕಾಯಿಲೆಯ ಶಂಕೆ, ಮನೆಯಲ್ಲಿ ಬೇರೆ ಹಾವಿದ್ದರೆ ಆ ಕ್ಷಣವೇ ದೂರ ಇಡಬೇಕು. ವಯಸ್ಸಾದವಕ್ಕೆ ಮೂತ್ರಪಿಂಡದ ತೊಂದರೆ, ಗೌಟ್, ಗಡ್ಡೆ, ಬೆನ್ನುಮೂಳೆ ಬಿಗಿಯುವುದೂ ಉಂಟು.

ಸುಟ್ಟಗಾಯದ ಬಗ್ಗೆ ಇನ್ನೊಂದು ಮಾತು. ಬೆಂಗಳೂರಿನಲ್ಲಿ ಡಿಸೆಂಬರ್ ಜನವರಿಯ ರಾತ್ರಿ ಹದಿನೈದು ಡಿಗ್ರಿಗೆ ಇಳಿಯುತ್ತದೆ. ಬಾಲ್ ಪೈಥಾನಿಗೆ ಪೆಟ್ಟಿಗೆಯ ಒಂದು ಬದಿ 31-32 ಡಿಗ್ರಿ, ಇನ್ನೊಂದು ಬದಿ 26ರ ಆಸುಪಾಸು ಇರಬೇಕು. ಕರುಣೆಯಿಂದ ಜನ ಹೀಟ್ ಮ್ಯಾಟ್ ಹಾಸುತ್ತಾರೆ, ಥರ್ಮೋಸ್ಟಾಟ್ ಹಾಕುವುದಿಲ್ಲ. ಹೊಟ್ಟೆಯ ಚರ್ಮ ಬೇಯುತ್ತಿದ್ದರೂ ಹಾವು ಅಲ್ಲಿಂದ ಸರಿಯದೆ ಮಲಗಿರುತ್ತದೆ. ಮುದಿಯಾಗಿ ಓಡಾಟ ಕಡಿಮೆಯಾದದ್ದಂತೂ ಇನ್ನೂ ಹೆಚ್ಚು ಹೊತ್ತು. ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ ಇವತ್ತೇ ಕಿತ್ತು ಹಾಕಿ. ಕರೆಂಟ್ ಹೋದಾಗ ಏನು ಮಾಡುವಿರಿ ಎಂಬುದನ್ನೂ ಯೋಚಿಸಿಡಿ. ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಪೆಟ್ಟಿಗೆಯ ಪಕ್ಕಕ್ಕಿಟ್ಟರೂ ಕೆಲ ಗಂಟೆ ನಡೆಯುತ್ತದೆ. ಶಾಖಕ್ಕೂ ಔಷಧಕ್ಕೂ ನಂಟಿದೆ: ಹಾವಿನ ಮೈ ತಕ್ಕಷ್ಟು ಬೆಚ್ಚಗಿಲ್ಲದಿದ್ದರೆ ಆಂಟಿಬಯೋಟಿಕ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಡಾಕ್ಟರು ಮೂರು ದಿನಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರೆ ಕಡಿಮೆಯಾಯಿತೆಂದು ನೀವೇ ಹೆಚ್ಚಿಸಬೇಡಿ. ಅದರ ಮೈ ಔಷಧವನ್ನು ನಮ್ಮಷ್ಟು ಬೇಗ ಹೊರಹಾಕುವುದಿಲ್ಲ.

ಮನೆಮದ್ದು ಬೇಡ. ಅರಿಶಿನ ಮೆತ್ತುವುದು, ನೋವಿನ ಮಾತ್ರೆ ಅರೆದು ಹಾಕುವುದು, ಬಾಯಿ ಬಿಡಿಸಿ ಇಲಿ ತುರುಕುವುದು ಯಾವುದೂ ಬೇಡ. ಹಾಲಂತೂ ಬೇಡವೇ ಬೇಡ. ನಾಗರಪಂಚಮಿಯ ನಂಬಿಕೆ ಕಲ್ಲಿನ ನಾಗಪ್ಪನ ಮುಂದೆ ಇರಲಿ. ಮುದಿ ಹಾವಿಗೆ ಚಿಕ್ಕ ಇಲಿ, ಹೆಚ್ಚು ದಿನಗಳ ಅಂತರ, ಶುದ್ಧ ನೀರು ಸಾಕು. ಜೀವಂತ ಇಲಿ ಬಿಡಬೇಡಿ. ನಿತ್ರಾಣವಾದ ಹಾವನ್ನು ಇಲಿಯೇ ಕಚ್ಚಿ ಹಣ್ಣು ಮಾಡುತ್ತದೆ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ, ಸಾಲ್ಮೊನೆಲ್ಲಾ ಸೋಂಕು ಮಕ್ಕಳಿಗೆ ತಗುಲುವುದು ಹೀಗೇ.

ಇಷ್ಟೆಲ್ಲ ಗೊತ್ತಿದ್ದವರೂ ಆಸ್ಪತ್ರೆಗೆ ಹೋಗದಿರುವುದಕ್ಕೆ ಕಾರಣ ದುಡ್ಡಲ್ಲ, ಭಯ. ಕಾಯ್ದೆಗೆ ತಂದ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳನ್ನು ಸಾಕಿದವರು ನೋಂದಾಯಿಸಬೇಕು. 2024ರ ಫೆಬ್ರುವರಿಯ ನಿಯಮಗಳು ಪರಿವೇಶ್ ಪೋರ್ಟಲಿನಲ್ಲಿ ಅದಕ್ಕೆ ಆರು ತಿಂಗಳ ಗಡುವು ಕೊಟ್ಟಿದ್ದವು. ಬಾಲ್ ಪೈಥಾನ್ ಆ ಪಟ್ಟಿಯಲ್ಲಿದೆ, ಕಾರ್ನ್ ಸ್ನೇಕ್ ಇಲ್ಲ. ಗಡುವು ತಪ್ಪಿಸಿಕೊಂಡವರು ಅಡಗಿಸಿಡುವುದರಿಂದ ಏನೂ ಸುಧಾರಿಸುವುದಿಲ್ಲ. ವಕೀಲರೊಬ್ಬರನ್ನು ಕೇಳಿಕೊಂಡು ಮಲ್ಲೇಶ್ವರದ ಅರಣ್ಯ ಭವನಕ್ಕೆ ಲಿಖಿತವಾಗಿ ಬರೆಯಿರಿ. ಇಲಾಖೆಯವರಲ್ಲೂ ಒಂದು ವಿನಂತಿ: ತಾವಾಗಿ ಬಂದು ಹೇಳಿಕೊಂಡವರನ್ನು ಕಳ್ಳಸಾಗಣೆದಾರರ ಸಾಲಿನಲ್ಲಿ ನಿಲ್ಲಿಸಬೇಡಿ. 2023ರ ಸೆಪ್ಟೆಂಬರಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಲಗೇಜಿನೊಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸಿಕ್ಕವು. ಜೊತೆಗಿದ್ದ ಆರು ಕಪುಚಿನ್ ಕೋತಿಗಳು ಸತ್ತಿದ್ದವು. ಆ ದಂಧೆಯ ಮೇಲೆ ಎಷ್ಟು ಕಠಿಣವಾಗಿದ್ದರೂ ಕಡಿಮೆಯೇ. (ಹೊಸದಾಗಿ ಕೊಳ್ಳುವ ಆಸೆ ಇರುವವರು ಈ ಪ್ಯಾರಾ ಇನ್ನೊಮ್ಮೆ ಓದಿ, ಆಸೆ ಕೈಬಿಡಿ.) ಆದರೆ ಹೆದರಿದ ಸಾಕಣೆದಾರ ಮಾಡುವ ಮೊದಲ ಕೆಲಸ ಹಾವನ್ನು ಹೊರಗೆ ಬಿಡುವುದು.

ಬಿಟ್ಟರೆ ಏನಾಗುತ್ತದೆ? ಗಾಜಿನ ಪೆಟ್ಟಿಗೆಯಲ್ಲಿ ಬೆಳೆದದ್ದು ಹದ್ದಿಗೋ ನಾಯಿಗೋ ಚಳಿಗೋ ಸಾಯುತ್ತದೆ, ಇಲ್ಲವೇ ಕೊಳಕುಮಂಡಲವೆಂದು ಹೆದರಿದವರ ದೊಣ್ಣೆಗೆ. ಸಾಯುವ ಮುನ್ನ ತನ್ನ ಕಾಯಿಲೆಯನ್ನು ಇಲ್ಲಿನ ಹಾವುಗಳಿಗೆ ದಾಟಿಸಲೂಬಹುದು. ಸಾಯದೆ ನೆಲೆಯೂರಿದರೆ ಇನ್ನೂ ಕೆಟ್ಟದ್ದು: ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ಸಾಕಿದ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕುಗಳು ಹೊರಬಿದ್ದು, ಆ ದ್ವೀಪದಲ್ಲಷ್ಟೇ ಇದ್ದ ದೊಡ್ಡ ಹಲ್ಲಿಗಳನ್ನು ಹಲವೆಡೆ ಬರಿದು ಮಾಡಿವೆ.

ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರಿನ ಪಶುವೈದ್ಯಕೀಯ ಕಾಲೇಜುಗಳ ಅಧ್ಯಾಪಕರೇ, ದನ ಕುರಿ ನಾಯಿಯ ನಡುವೆ ಹಾವಿನ ಚಿಕಿತ್ಸೆಗೂ ಪಾಠದಲ್ಲಿ ನಾಲ್ಕು ದಿನ ಕೊಡಿ. ಉರಗ ರಕ್ಷಕರು ತರುವ ಗಾಯಗೊಂಡ ನಾಗರಕ್ಕೂ ಅದರಿಂದ ಪ್ರಯೋಜನವಾಗುತ್ತದೆ. ಮನೆ ಮಾಲೀಕರೇ, ಹಾವು ಇದೆಯೆಂದು ಗೊತ್ತಾದ ಕೂಡಲೇ ಬಾಡಿಗೆದಾರರಿಗೆ ಒಂದು ವಾರದ ಗಡುವು ಕೊಡಬೇಡಿ. ಆ ವಾರದಲ್ಲೇ ಅದು ಕೆರೆಯಂಗಳ ಸೇರುವುದು.

ವಾಸಿಯಾಗದ ಹಂತ ಬಂದಾಗ ಡಾಕ್ಟರ ಜೊತೆ ಕೂತು ದಯಾಮರಣದ ಮಾತಾಡಿ. ಫ್ರೀಜರಿನಲ್ಲಿಟ್ಟರೆ ನಿದ್ದೆಯಲ್ಲೇ ಹೋಗುತ್ತದೆ ಎಂಬ ಮಾತು ಸುಳ್ಳು, ಅದು ಕ್ರೌರ್ಯ. ತಲೆ ಕತ್ತರಿಸಿದ ಮೇಲೂ ಹಾವಿನ ಮಿದುಳು ಸುಮಾರು ಹೊತ್ತು ಕೆಲಸ ಮಾಡುತ್ತಿರುತ್ತದೆ. ಮೊದಲು ಅರಿವಳಿಕೆ, ಆಮೇಲೆ ಇಂಜೆಕ್ಷನ್, ಅದನ್ನು ಮಾಡಬೇಕಾದದ್ದು ವೈದ್ಯರೇ. ಸತ್ತ ಹಾವಿಗೆ ಸರ್ಪಸಂಸ್ಕಾರ ಮಾಡಿಸುವ ನಾಡು ನಮ್ಮದು. ಕುಕ್ಕೆಗೆ ಹೋಗುವ ಖರ್ಚಿನ ಒಂದು ಪಾಲು ಇದಕ್ಕೆ ಸಾಕಾದೀತು. ನೋಂದಾಯಿಸಿದ ಹಾವಾಗಿದ್ದರೆ ಸಾವನ್ನೂ ವರದಿ ಮಾಡಬೇಕು. ಮನೆಯಲ್ಲಿ ಇನ್ನೊಂದು ಹಾವಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ.

ಈ ವಾರ ಮಾಡಬೇಕಾದ್ದು ತೂಕ ಬರೆದಿಡುವುದು, ಹಾವು ನೋಡುವ ವೈದ್ಯರನ್ನು ಫೋನಿನಲ್ಲಿ ವಿಚಾರಿಸುವುದು, ನಿಮಗೇ ಏನಾದರೂ ಆದರೆ ಆ ಪೆಟ್ಟಿಗೆಯ ಹೊಣೆ ಯಾರದೆಂದು ಮನೆಯವರ ಎದುರು ಬಾಯಿಬಿಟ್ಟು ಹೇಳುವುದು.